ಮೊದಲೇನಿತ್ತು

ಸ್ಟ್ರೆಚರ್ ಮುಕ್ಕಾಲು ಭಾಗ ಲಿಫ್ಟಿನೊಳಗೆ ಹೋಗಿ ಅಲ್ಲೇ ನಿಂತುಬಿಟ್ಟಿತು. ಬಾಗಿಲು ಮುಚ್ಚಲು ಬಂದು, ಸ್ಟ್ರೆಚರಿನ ಹಿಡಿಗೆ ತಾಗಿ, ನಾಚಿಕೊಂಡಂತೆ ಹಿಂದೆ ಸರಿಯಿತು. ಮತ್ತೆ ಬಂತು, ಮತ್ತೆ ಸರಿಯಿತು. ಶವದ ಗಾಡಿಯವರು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಆಗಲ್ಲ ಬಿಡಿ, ಮೆಟ್ಟಿಲಲ್ಲೇ ಇಳಿಸೋಣ" ಎಂದು ತೀರಿಕೊಂಡವರ ಹೆಂಡತಿಯ ತಮ್ಮ ಅಂಗಿಯ ತೋಳು ಮಡಚಿದ. "ಐದು ಮಹಡಿ ತಾನೆ. ಭಾವ ಏನೂ ಭಾರ ಇಲ್ಲ."

ಎಪ್ಪತ್ತೊಂದು ವರ್ಷದ ಭಾವ ನಿಜಕ್ಕೂ ಭಾರವಿರಲಿಲ್ಲ. ನಿನ್ನೆ ಬೆಳಿಗ್ಗೆ ಪೇಪರ್ ಓದುತ್ತ ಕೂತವರು, ಕನ್ನಡಕ ತೆಗೆದು ಮಡಚಿ ಪಕ್ಕಕ್ಕಿಟ್ಟು, ಕುರ್ಚಿಗೆ ಒರಗಿ, ಮತ್ತೆ ಕಣ್ಣು ತೆರೆದಿರಲಿಲ್ಲ. ಹೋಗುವ ಹೊತ್ತಿನಲ್ಲೂ ಕನ್ನಡಕ ಮುರಿಯದಂತೆ ನೋಡಿಕೊಂಡ ಗಂಡನ ಮೇಲೆ ಆಕೆಗೆ ಅಳುವಿನ ಜೊತೆಗೆ ಸಣ್ಣದೊಂದು ಸಿಟ್ಟೂ ಇತ್ತು. ಒಂದು ಸಲ ಕೂಗಬಾರದಿತ್ತೇ? ಅಡುಗೆಮನೆ ಇದ್ದದ್ದು ಹತ್ತೇ ಹೆಜ್ಜೆ ದೂರದಲ್ಲಿ.

"ಮೆಟ್ಟಿಲು ಬೇಡ" ಎಂದಿತು ಹಿಂದಿನಿಂದ ಒಂದು ದನಿ.

ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದವನು ನೀಲಿ ಸಮವಸ್ತ್ರದ ಮೆಕ್ಯಾನಿಕ್. ತಲೆ ಪೂರ್ತಿ ನರೆತಿತ್ತು, ಹೆಗಲಲ್ಲಿ ಸಾಮಾನಿನ ಚೀಲ. ಯಾರನ್ನೂ ಕೇಳದೆ ಸ್ಟ್ರೆಚರಿನ ಪಕ್ಕದಿಂದ ಲಿಫ್ಟಿನೊಳಗೆ ನುಸುಳಿ, ಹಿಂದಿನ ಗೋಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಮೂಲೆಯಲ್ಲಿ ಯಾರ ಕಣ್ಣಿಗೂ ಬೀಳದ ಒಂದು ತೂತಿತ್ತು. ಅದಕ್ಕೆ ಮೂರು ಮೂಲೆಯ ಕೀಲಿ ತೂರಿಸಿ ತಿರುಗಿಸಿದ. ಗೋಡೆಯ ಕೆಳಗಿನ ಅರ್ಧ ಬೀರುವಿನ ಬಾಗಿಲಿನಂತೆ ತೆರೆದುಕೊಂಡಿತು. ಅದರ ಹಿಂದೆ ಮೊಳದುದ್ದದ ಖಾಲಿ ಜಾಗ.

"ಇಂಥ ಕಟ್ಟಡದ ಲಿಫ್ಟಲ್ಲಿ ಸ್ಟ್ರೆಚರಿಗೆ ಅಂತಲೇ ಇದೊಂದು ಗೂಡು ಇಟ್ಟಿರ್ತಾರೆ" ಎಂದ ಅವನು, ಎದ್ದು ಮಂಡಿ ಕೊಡವಿಕೊಳ್ಳುತ್ತ. "ಕೀಲಿ ಎಲ್ಲಿದೆ ಅನ್ನೋದು ಯಾರಿಗೂ ನೆನಪಿರಲ್ಲ, ಅಷ್ಟೆ. ಅಣ್ಣ ಲಿಫ್ಟಲ್ಲೇ ಇಳೀಲಿ, ಅತ್ತಿಗೆ."

ಸ್ಟ್ರೆಚರ್ ಸಲೀಸಾಗಿ ಒಳಗೆ ಹೋಯಿತು.

"ಯಾರಿವರು? ನಿಮ್ಮಪ್ಪನ ಕಡೆಯವರಾ?" ಎಂದು ತಮ್ಮ ಪಿಸುದನಿಯಲ್ಲಿ ಅಕ್ಕನ ಮಗಳನ್ನು ಕೇಳಿದ.

"ನಮ್ಮ ಕಡೆಯವರೇ ಮಾವ" ಎಂದಳು ಮಗಳು. "ಕೆಂಪು ಬಟ್ಟೆ ಮಾಮ."

ಆಕೆ ಗಂಡನ ಹೆಗಲ ಪಕ್ಕದಲ್ಲಿ ನಿಂತು, ನೆಲಮಹಡಿಯ ಗುಂಡಿ ಒತ್ತಿದಳು.

*

ಆಕೆಯ ಗಂಡ ಲಿಫ್ಟ್ ಕಂಪನಿಯೊಂದರಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದರು. ಲಿಫ್ಟ್ ತಯಾರಿಸುವ ಕಂಪನಿಯಲ್ಲ. ಊರಿನ ಆರುನೂರು ಚಿಲ್ಲರೆ ಲಿಫ್ಟುಗಳಿಗೆ ಎಣ್ಣೆ ಹಾಕಿ, ಹಗ್ಗ ನೋಡಿ, ಬ್ರೇಕ್ ಪರೀಕ್ಷೆ ಮಾಡಿ ಓಡಿಸುವ ಕಂಪನಿ. ಒಂದೊಂದು ಲಿಫ್ಟಿಗೂ ಡೇಟಾಬೇಸಿನಲ್ಲಿ ಒಂದು ದಾಖಲೆ. ಹಗ್ಗ ಹೇಗಿದೆ, ಬ್ರೇಕ್ ಹೇಗಿದೆ, ಕೊನೆಗೆ ನೋಡಿದವರು ಯಾರು, ಯಾವತ್ತು. ಮೆಕ್ಯಾನಿಕ್‌ಗಳು ಸುತ್ತಾಡಿ ಬಂದು ಸಂಜೆ ಅದನ್ನು ತುಂಬುತ್ತಿದ್ದರು. ಹೊಸದನ್ನು ತುಂಬಿದ ಕೂಡಲೇ ಹಳೆಯದು ನೀರ ಮೇಲಿನ ಬರಹದಂತೆ ಮಾಯವಾಗುತ್ತಿತ್ತು.

ಅದನ್ನು ಅವರಿಗೆ ಸಹಿಸಲಾಗಲಿಲ್ಲ. ಯಾರೂ ಹೇಳದಿದ್ದರೂ, ಮೂರು ತಿಂಗಳು ತಲೆ ಕೆಡಿಸಿಕೊಂಡು, ಆ ಸಾಫ್ಟ್‌ವೇರಿನ ಬೆನ್ನ ಹಿಂದೆ ಇನ್ನೊಂದು ಪಟ್ಟಿ ಕಟ್ಟಿದರು. ಯಾವುದೇ ದಾಖಲೆಯಲ್ಲಿ ಒಂದು ಅಕ್ಷರ ಬದಲಾದರೂ ಸಾಕು, ಮೊದಲು ಏನಿತ್ತು, ಈಗ ಏನಾಯಿತು, ಬದಲಾಯಿಸಿದ್ದು ಯಾರ ಲಾಗಿನ್ನು, ಎಷ್ಟು ಗಂಟೆಗೆ, ಎಲ್ಲವೂ ತಾನಾಗಿ ಆ ಪಟ್ಟಿಗೆ ಬಂದು ಬೀಳುತ್ತಿತ್ತು. "ಕಸ ಕೂಡಿಡೋಕೆ ಕಂಪ್ಯೂಟರ್ ಯಾಕೆ ಬೇಕಿತ್ತು?" ಎಂದು ಮ್ಯಾನೇಜರ್ ನಕ್ಕಿದ್ದ. ಕಚೇರಿಯಲ್ಲಿ ಯಾರು ಯಾವ ತಿದ್ದುಪಡಿ ತಂದರೂ ಅವರ ಬಾಯಿಂದ ಮೊದಲು ಬರುವ ಪ್ರಶ್ನೆ "ಮೊದಲೇನಿತ್ತು?" ಎಂಬುದೇ. ಕೊನೆಗೆ ಅದೇ ಅವರ ಹೆಸರಾಯಿತು. ಕ್ಯಾಂಟೀನಿನವನೂ "ಮೊದಲೇನಿತ್ತು ಅವರಿಗೆ ಒಂದು ಟೀ" ಎಂದು ಕೂಗುತ್ತಿದ್ದ.

ಆಕೆ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ಸಿದ್ಧ ಉಡುಪಿನ ಅಂಗಡಿಗಳಿಂದ ಬಿಗಿ ಮಾಡುವ, ಸಡಿಲ ಮಾಡುವ ಬಟ್ಟೆಗಳು ಕಂತೆಗಟ್ಟಲೆ ಬರುತ್ತಿದ್ದವು. ಗಂಡ ಈ ಪಟ್ಟಿಯ ವಿಷಯ ವಿವರಿಸಿದ ದಿನ ಆಕೆಗೆ ತಲೆಬುಡ ತಿಳಿಯಲಿಲ್ಲ. ಕೈಯಲ್ಲಿದ್ದ ಕೋಟಿನ ಹೊಲಿಗೆ ಬಿಚ್ಚುತ್ತಲೇ, "ಇದೇನು ಹೊಸ ವಿದ್ಯೆ ಅಲ್ಲ ಬಿಡಿ" ಎಂದಳು. "ನೋಡಿ, ದಾರ ಬಿಚ್ಚಿದ್ರೂ ಹಳೇ ಹೊಲಿಗೆಯ ತೂತು ಉಳಿಯುತ್ತೆ. ಮೊದಲು ಎಷ್ಟು ಅಗಲ ಇತ್ತು ಅಂತ ಬಟ್ಟೇನೇ ಹೇಳುತ್ತೆ."

ಅವರು ಕೋಟನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಅದೇ ಕಣೆ. ಕಂಪ್ಯೂಟರಲ್ಲಿ ಆ ತೂತು ಉಳಿಯಲ್ಲ. ಉಳಿಯೋ ಹಾಗೆ ಮಾಡಿದೀನಿ, ಅಷ್ಟೇ."

ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು. ತನ್ನ ಮಾತಿಗೆ ಗಂಡ ಅಷ್ಟು ಖುಷಿಪಟ್ಟದ್ದನ್ನು ಆಕೆ ಅದೇ ಮೊದಲು ನೋಡಿದ್ದು.

*

ಚಿತಾಗಾರದ ಕಚೇರಿಯಲ್ಲಿ ಗುಮಾಸ್ತ ದಪ್ಪ ರಿಜಿಸ್ಟರ್ ತೆರೆದು ಕೂತಿದ್ದ. ಬರೆದು ಮುಗಿಸಿ, ಸಹಿಗಾಗಿ ಮಗಳ ಕಡೆ ತಿರುಗಿಸಿದ. ಮಗಳು ಓದಿ, "ವಯಸ್ಸು ಎಪ್ಪತ್ತೇಳು ಅಂತಿದೆ. ಎಪ್ಪತ್ತೊಂದು" ಎಂದಳು.

"ಓ, ಸಾರಿ" ಎಂದು ಆತ ಮೇಜಿನ ಖಾನೆಯಿಂದ ಬಿಳಿ ಶಾಯಿಯ ಬಾಟಲಿ ತೆಗೆದು ಕುಲುಕಿದ.

"ಅಳಿಸಬೇಡಿ" ಎಂದಳು ಮಗಳು.

ಅದೇ ಕ್ಷಣಕ್ಕೆ ಬಾಗಿಲ ಹತ್ತಿರ ನಿಂತಿದ್ದ ಮೆಕ್ಯಾನಿಕ್ಕೂ, ಬೆಂಚಿನ ಮೇಲೆ ಕೂತಿದ್ದ ದಪ್ಪ ಕನ್ನಡಕದ ಹೆಂಗಸೂ ಅದನ್ನೇ ಅಂದಿದ್ದರು. ಗುಮಾಸ್ತ ಬೆಚ್ಚಿ ಕೈ ಹಿಂದೆಳೆದ.

"ಒಂದು ಗೆರೆ ಹೊಡೆದು ಪಕ್ಕದಲ್ಲಿ ಸರಿಯಾದ್ದು ಬರೀರಿ" ಎಂದಳು ಮಗಳು, ಮೆತ್ತಗೆ. "ಮೊದಲು ಬರೆದಿದ್ದು ಓದೋಕೆ ಬರೋ ಹಾಗಿರಲಿ. ಪಕ್ಕದಲ್ಲಿ ನಿಮ್ಮ ಸಹಿ, ಹೊತ್ತು."

ಗುಮಾಸ್ತ ಗೋಡೆಯ ಗಡಿಯಾರ ನೋಡಿ ಹಾಗೇ ಬರೆದ. ಬೆಂಚಿನ ಮೇಲಿನ ಹೆಂಗಸು ಬಾಯಿಗೆ ಕರ್ಚೀಫು ಒತ್ತಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡರೆ ಹೆಗಲು ಕುಲುಕುವಂತೆ ನಗುತ್ತಿದ್ದಳು. ಕಂಪನಿಯ ಫೋನು ನೋಡಿಕೊಳ್ಳುತ್ತಿದ್ದವಳು ಅವಳು. ನಿವೃತ್ತಿಯಾಗಿ ನಾಲ್ಕು ವರ್ಷವಾಗಿದ್ದರೂ ಎಲ್ಲರ ಬಾಯಲ್ಲಿ ಇನ್ನೂ ಫೋನಕ್ಕನೇ. ಆಕೆ ಹೋಗಿ ಪಕ್ಕದಲ್ಲಿ ಕೂತಾಗ ಫೋನಕ್ಕ ಅವಳ ಕೈ ಹಿಡಿದುಕೊಂಡು, "ತಪ್ಪು ತಿಳೀಬೇಡ್ರಿ. ನಾನು ಮೇಜು ಸರಿಸಿದ್ರೂ 'ಇದು ಮೊದಲು ಎಲ್ಲಿತ್ತು' ಅಂತ ಕೇಳ್ತಿದ್ದ ಮನುಷ್ಯ" ಎಂದಳು. ಆಕೆಗೂ ನಗು ತಡೆಯಲಿಲ್ಲ.

ಒಳಗಿನ ಸರದಿಗೆ ಇನ್ನೂ ಅರ್ಧ ಗಂಟೆಯಿತ್ತು. ತಮ್ಮ ಬಂದು ಅಕ್ಕನ ಎದುರಿನ ಕುರ್ಚಿಯಲ್ಲಿ ಕೂತ. ದೂರದ ಊರಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ಬಂದವನು ಅವನು. ಭಾವ ಮೂವತ್ನಾಲ್ಕು ವರ್ಷ ಒಂದೇ ಕುರ್ಚಿ ಸವೆಸಿದರು ಎಂದು ಮನೆಯವರ ಮುಂದೆ ಎಷ್ಟೋ ಸಲ ಆಡಿಕೊಂಡಿದ್ದ.

"ಅಕ್ಕ, ಆವತ್ತು ಭಾವನ್ನ ಕೆಲಸದಿಂದ ತೆಗೆದಿದ್ರು ಅಂತ ಕೇಳಿದ್ದೆ. ಏನೋ ಗಲಾಟೆ ಮಾಡ್ಕೊಂಡ್ರು ಅಂದ್ಕೊಂಡಿದ್ದೆ. ನಿಜವಾಗಿ ಏನಾಗಿತ್ತು?"

*

ಇಪ್ಪತ್ತಾರು ವರ್ಷದ ಹಿಂದೆ, ಒಂದು ಸೋಮವಾರ, ಕಚೇರಿಗಳಿದ್ದ ಕಟ್ಟಡವೊಂದರ ಲಿಫ್ಟು ಮೂರನೇ ಮಹಡಿಯಲ್ಲಿ ನಿಲ್ಲದೆ ಜಾರಿ ತಳಕ್ಕೆ ಬಡಿಯಿತು. ಒಳಗಿದ್ದ ಟೈಪಿಸ್ಟ್ ಒಬ್ಬಳ ಕಾಲು ಎರಡು ಕಡೆ ಮುರಿಯಿತು. ಆ ಲಿಫ್ಟನ್ನು ಆರು ವಾರದ ಹಿಂದೆ ನೋಡಿದ್ದವನು ಈ ಮೆಕ್ಯಾನಿಕ್. ಆಗ ಅವನಿಗೆ ಇಪ್ಪತ್ತೆಂಟು. ದಾಖಲೆಯಲ್ಲಿ ಅವನ ಹೆಸರಿನ ಮುಂದೆ "ಬ್ರೇಕ್ ಸರಿಯಿದೆ" ಎಂದಿತ್ತು.

"ನಾನು ಹಾಗೆ ಬರೆದಿಲ್ಲ. ಬ್ರೇಕಿನ ಲೈನರ್ ಸವೆದಿದೆ, ಲಿಫ್ಟ್ ನಿಲ್ಲಿಸಬೇಕು ಅಂತ ಬರೆದಿದ್ದೆ" ಎಂದು ಅವನು ಎಷ್ಟು ಹೇಳಿದರೂ, ಮ್ಯಾನೇಜರ್ ಪರದೆಯ ಕಡೆ ಬೆರಳು ತೋರಿಸಿದ. ಮಂಗಳವಾರ ಅವನನ್ನು ಮನೆಗೆ ಕಳಿಸಿದರು. ಬುಧವಾರ ಪೊಲೀಸ್ ಠಾಣೆಗೆ ಬರಹೇಳಿದರು.

ಅದೇ ಬುಧವಾರ ಮಧ್ಯಾಹ್ನ ಒಂದು ಗಂಟೆಗೆ ಗಂಡ ಮನೆಗೆ ಬಂದರು. ಆಕೆ ಹೊಲಿಗೆ ಯಂತ್ರದ ಮುಂದೆ ಇದ್ದಳು. ನಾಟಕದ ಮಂದಿಯೊಬ್ಬರು ಪರದೆ ಹೊಲಿಯಲು ಕೊಟ್ಟಿದ್ದ ಕೆಂಪು ಬಟ್ಟೆಯ ಥಾನು ಕೋಣೆಯ ತುಂಬ ಹರಡಿತ್ತು. ಅವರು ಅದನ್ನು ದಾಟಿ ಬಂದು, ಚಪ್ಪಲಿಯನ್ನೂ ಬಿಡದೆ, ನೂಲಿನ ಪೆಟ್ಟಿಗೆಯ ಮೇಲೆ ಕೂತರು.

"ಅವನು ಬರೆದಿದ್ದ" ಎಂದರು. "ಸವೆದಿದೆ, ನಿಲ್ಲಿಸಿ ಅಂತ ಸ್ಪಷ್ಟವಾಗಿ ಬರೆದಿದ್ದ. ಮಾರನೇ ದಿನ ಮಧ್ಯಾಹ್ನ ಮೂರೂಕಾಲಿಗೆ ಅದನ್ನ 'ಸರಿಯಿದೆ' ಅಂತ ಮಾಡಿದಾರೆ. ಮ್ಯಾನೇಜರ್ ಲಾಗಿನ್ನಿಂದ. ನನ್ನ ಪಟ್ಟಿಯಲ್ಲಿದೆ."

"ಮತ್ತೆ ಅವನು ಗೆದ್ದ ಹಾಗೇ ಅಲ್ವಾ? ಮುಖ ಯಾಕೆ ಹೀಗೆ?"

"ಅದೊಂದೇ ಅಲ್ಲ. ಆವತ್ತು ಹದಿನೆಂಟು ನಿಮಿಷದಲ್ಲಿ ಇಪ್ಪತ್ನಾಲ್ಕು ಲಿಫ್ಟಿನ ದಾಖಲೆ ಬದಲಾಗಿದೆ. ಎಲ್ಲದರಲ್ಲೂ 'ಸವೆದಿದೆ' ಹೋಗಿ 'ಸರಿಯಿದೆ'. ಮುಂದಿನ ವಾರ ಸರ್ಕಾರಿ ಇನ್‌ಸ್ಪೆಕ್ಟರ್ ದಾಖಲೆ ನೋಡೋಕೆ ಬರೋದಿತ್ತು."

ಯಂತ್ರದ ಮೇಲಿದ್ದ ಆಕೆಯ ಕಾಲು ನಿಂತಿತು. "ಒಂದು ಬಿತ್ತು. ಉಳಿದ ಇಪ್ಪತ್ಮೂರು?"

"ಓಡ್ತಿವೆ."

ಮ್ಯಾನೇಜರಿಗೆ ಬೆಳಿಗ್ಗೆಯೇ ತೋರಿಸಿದ್ದರಂತೆ. ಆತ ಬಾಗಿಲು ಹಾಕಿ, ಸಂಜೆಯೊಳಗೆ ಆ ಪಟ್ಟಿ ಅಳಿಸು, ಇಲ್ಲದಿದ್ದರೆ ನಾಳೆಯಿಂದ ಬರಬೇಡ ಎಂದಿದ್ದ. ಇನ್‌ಸ್ಪೆಕ್ಟರ್ ಕಚೇರಿಗೆ ಫೋನು ಮಾಡಿದರೆ ಸಾಹೇಬರು ಊರಲ್ಲಿಲ್ಲ, ನಾಳೆ ಬನ್ನಿ ಎಂದರು. ಹೇಳುತ್ತಾ ಹೇಳುತ್ತಾ ಅವರ ದನಿ ಕುಗ್ಗಿತು. ಮಗಳಿಗೆ ಒಂಬತ್ತು ವರ್ಷ. ಈ ವಯಸ್ಸಿಗೆ ಇನ್ನೊಂದು ಕೆಲಸ ಯಾರು ಕೊಡುತ್ತಾರೆ? "ಭಯ ಆಗ್ತಿದೆ ಕಣೆ" ಎಂದರು.

ಆಕೆ ಯಂತ್ರದ ಮುಂದಿನಿಂದ ಎದ್ದಳು. "ಬದಲಾಯಿಸಿದವನಿಗೆ ಇಲ್ಲದ ಭಯ ನೋಡಿದವರಿಗೆ ಯಾಕ್ರೀ?" ಎಂದಳು. ಆಮೇಲೆ ಕತ್ತರಿ ಎತ್ತಿಕೊಂಡಳು.

ಮೂಲೆಯ ಅಂಗಡಿಯಿಂದ ಮೆಕ್ಯಾನಿಕ್‌ಗೆ ಫೋನು ಹೋಯಿತು. ಅವನು ಠಾಣೆಯಿಂದ ಸೀದಾ ಬಂದ. ಅಷ್ಟರಲ್ಲಿ ಕೆಂಪು ಥಾನಿನಿಂದ ಇಪ್ಪತ್ಮೂರು ತುಂಡು ಕತ್ತರಿಸಿ, ಒಂದೊಂದಕ್ಕೂ ಎರಡು ಕಡೆ ಲಾಡಿ ಹಾಕಿಯಾಗಿತ್ತು. ಅಂಚು ಮಡಚದೆ ಆಕೆ ಬಟ್ಟೆ ಹೊರಗೆ ಕೊಟ್ಟದ್ದು ಜೀವಮಾನದಲ್ಲಿ ಅದೊಂದೇ ಸಲ. ಗಂಡ ಕುಂಚ ಹಿಡಿದು ಬಿಳಿ ಬಣ್ಣದಲ್ಲಿ ಬರೆದರು: ಬ್ರೇಕ್ ಸವೆದಿದೆ. ಹತ್ತಬೇಡಿ. ಕೆಳಗೆ ತಾರೀಖು, ಹೊತ್ತು, ತಮ್ಮ ಸಹಿ.

"ಸಹಿ ಯಾಕಣ್ಣ? ಸಿಕ್ಕಿಹಾಕ್ಕೋತೀರಿ" ಎಂದ ಮೆಕ್ಯಾನಿಕ್.

"ಯಾರು ಬರೆದಿದ್ದು ಅಂತ ಗೊತ್ತಾಗಬೇಕಲ್ಲಪ್ಪ."

ಊರನ್ನು ಎರಡು ಪಾಲು ಮಾಡಿಕೊಂಡರು. ರೈಲು ಹಳಿಯ ಆಚೆಯ ಹನ್ನೆರಡು ಮೆಕ್ಯಾನಿಕ್‌ಗೆ, ಈಚೆಯ ಹನ್ನೊಂದು ಗಂಡಹೆಂಡತಿಗೆ. ಲಿಫ್ಟಿನಲ್ಲಿ ಯಾರೂ ಇಲ್ಲ ಎಂದು ನೋಡಿಕೊಂಡು, ಮೇಲಿನ ಯಂತ್ರದ ಕೋಣೆಯಲ್ಲಿ ಕರೆಂಟು ಕಡಿಯುವ ಕೆಂಪು ಹಿಡಿಯನ್ನು ಕೆಳಗೆ ಎಳೆಯಬೇಕು, ಇಷ್ಟೇ ಪಾಠ. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಸ್ಕೂಟರಿನ ಹಿಂದೆ ಬಟ್ಟೆಯ ಗಂಟು ಮಡಿಲಲ್ಲಿಟ್ಟುಕೊಂಡು ಆಕೆ ಹೊರಟಳು.

ಒಂದು ಕಡೆ ವಾಚ್‌ಮನ್ ಕೀಲಿ ಕೊಡಲಿಲ್ಲ. ಗಂಡ ಏನೂ ವಾದಿಸದೆ, ಪ್ರಿಂಟ್ ಮಾಡಿ ತಂದಿದ್ದ ಪಟ್ಟಿಯಲ್ಲಿ ಆ ಕಟ್ಟಡದ ಸಾಲಿಗೆ ಬೆರಳಿಟ್ಟು ಅವನಿಂದಲೇ ಓದಿಸಿದರು. ಓದಿ ಮುಗಿಸಿ, ಅವನೇ ಮೇಲೆ ಹೋಗಿ ಹಿಡಿ ಎಳೆದು ಬಂದ. ಇನ್ನೊಂದು ಕಡೆ ಏಳನೇ ಮಹಡಿಯ ನಿವೃತ್ತ ಮೇಷ್ಟ್ರೊಬ್ಬರು ತರಕಾರಿ ಚೀಲ ಹಿಡಿದು ನಿಂತು, ಯಾರಪ್ಪನ ಮನೆ ಲಿಫ್ಟು ಅಂತ ನಿಲ್ಲಿಸ್ತಿದೀರಿ ಎಂದು ರೇಗಿದರು. "ನನ್ನ ಮಂಡಿ ನೋಡಿದೀರಾ ನೀವು?"

"ಸರ್, ಹತ್ತಿದ್ರೆ ಮಂಡಿ ನೋಯುತ್ತೆ" ಎಂದಳು ಆಕೆ, ಲಾಡಿ ಬಿಗಿಯುತ್ತ. "ಬಿದ್ರೆ ನೋಯೋಕೂ ಏನೂ ಉಳಿಯಲ್ಲ. ಚೀಲ ಇತ್ತ ಕೊಡಿ."

ಏಳು ಮಹಡಿಯ ತನಕ ಆಕೆ ತರಕಾರಿ ಹೊತ್ತಳು. ಮೇಷ್ಟ್ರು ಮಹಡಿಗೊಂದರಂತೆ ಬೈಗುಳ ಹಂಚುತ್ತ ಹತ್ತಿದರು.

ಹೊತ್ತು ಮುಳುಗುವ ಮುಂಚೆ ಇಪ್ಪತ್ಮೂರೂ ನಿಂತಿದ್ದವು. ಕಂಪನಿಯಲ್ಲಿ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಸಣ್ಣ ರಿಪೇರಿ ಎಂದು ಹೇಳು ಎಂದಿದ್ದ ಮ್ಯಾನೇಜರ್. ಫೋನಕ್ಕ ಪ್ರತಿಯೊಬ್ಬರಿಗೂ ಹೇಳಿದ್ದು ಒಂದೇ: "ಬ್ರೇಕ್ ಸವೆದಿದೆ. ದಯವಿಟ್ಟು ಮೆಟ್ಟಿಲು ಹತ್ತಿ."

*

"ಮಾರನೇ ದಿನ ಇನ್‌ಸ್ಪೆಕ್ಟರ್ ಬಂದು ಒಂದೊಂದೂ ಬಿಚ್ಚಿಸಿ ನೋಡಿದ್ರು" ಎಂದಳು ಫೋನಕ್ಕ, ತಮ್ಮನ ಕಡೆ ತಿರುಗಿ. "ಇಪ್ಪತ್ತೊಂದರಲ್ಲಿ ಲೈನರ್ ತೀರಾ ಸವೆದಿತ್ತು. ಆ ಮೇಷ್ಟ್ರ ಕಟ್ಟಡದ್ದಂತೂ ಕಬ್ಬಿಣಕ್ಕೆ ಕಬ್ಬಿಣ ಉಜ್ತಿತ್ತಂತೆ. ಆದ್ರೂ ಮ್ಯಾನೇಜರ್ ಬಗ್ಗಲಿಲ್ಲ, ನಿಮ್ಮ ಭಾವನ್ನ ಕೆಲಸದಿಂದ ತೆಗೆದ. ಈ ಪಟ್ಟಿ ಇವನೇ ಕೂತು ಹುಟ್ಟಿಸಿದ್ದು, ಕಂಪ್ಯೂಟರ್ ಇವನ ಕೈಲೇ ಇದೆ, ಏನು ಬೇಕಾದ್ರೂ ಬರ್ಕೋಬಹುದು ಅಂದ. ವಿಚಾರಣೆ ಮಾಡೋರಿಗೂ ಅದು ಹೌದು ಅನ್ನಿಸ್ತು."

"ಆಮೇಲೆ?"

"ಆಮೇಲೆ ನಾನು ಎದ್ದು ನಿಂತೆ." ಅವಳು ಕನ್ನಡಕ ಸರಿಮಾಡಿಕೊಂಡಳು. "ಪಟ್ಟಿ ಶುರುವಾದಾಗಿಂದ, ದಿನಾ ಸಂಜೆ ನಿಮ್ಮ ಭಾವ ಆವತ್ತು ಬದಲಾಗಿದ್ದನ್ನೆಲ್ಲ ಪ್ರಿಂಟ್ ಮಾಡಿಸಿ, ನನ್ನ ಕೈಲಿ ಸಹಿ ಹಾಕಿಸಿ, ದಾರ ಕಟ್ಟಿಸಿ ಇಡಿಸ್ತಿದ್ರು. ದಿನಕ್ಕೆ ನೂರಾರು ಸಾಲು, ಒಂದೊಂದನ್ನೂ ಓದೋಕೆ ಯಾರಿಗೂ ಆಗ್ತಿರಲಿಲ್ಲ. ಮನೆಗೆ ಹೋಗೋ ಹೊತ್ತಿಗೆ ಇದೊಂದು ಪೀಡೆ ಅಂತ ಶಾಪ ಹಾಕ್ತಿದ್ದೆ. ಏಳು ವರ್ಷದ ಶಾಪ, ಆರು ರಟ್ಟಿನ ಡಬ್ಬ. ಒಂದು ಗಾಡಿ ಮಾಡ್ಕೊಂಡು ಅಷ್ಟನ್ನೂ ತಂದು ವಿಚಾರಣೆ ಮೇಜಿನ ಮೇಲೆ ಸುರಿದೆ. ಆ ದಿನದ ಹಾಳೆ ಸಿಕ್ತು. ಇಪ್ಪತ್ನಾಲ್ಕು ಸಾಲು. ಕೆಳಗೆ ನನ್ನ ಸಹಿ, ಪಕ್ಕದಲ್ಲಿ ನಾನೇ ಚೆಲ್ಲಿದ್ದ ಟೀ ಕಲೆ. ಲಿಫ್ಟ್ ಬೀಳೋಕೆ ಆರು ವಾರ ಮುಂಚಿನ ಹಾಳೆ. ಮ್ಯಾನೇಜರ್ ಅದನ್ನ ಮೂಸಿ ನೋಡೋದೊಂದು ಬಾಕಿ."

ಮ್ಯಾನೇಜರ್ ಹೋದ. ಮೆಕ್ಯಾನಿಕ್ ವಾಪಸು ಬಂದ, ಗಂಡ ವಾಪಸು ಬಂದರು. ಬದಲಾದ ದಾಖಲೆಗಳ ಪಟ್ಟಿ ಇಡದ ಕಂಪನಿಗೆ ಲಿಫ್ಟ್ ನೋಡಿಕೊಳ್ಳುವ ಪರವಾನಗಿ ಇಲ್ಲ ಎಂದು ಮರುವರ್ಷ ಆದೇಶವಾಯಿತು. ಊರಿನ ಉಳಿದ ಕಂಪನಿಗಳವರು ಬೈದುಕೊಳ್ಳುತ್ತಲೇ ಬಂದು ಅವರ ಹತ್ತಿರ ಪಾಠ ಹೇಳಿಸಿಕೊಂಡು ಹೋದರು.

ತಮ್ಮ ಅಕ್ಕನ ಕಡೆ ತಿರುಗಿ ಕೇಳಿದ: "ಇಷ್ಟೆಲ್ಲ ಮಾಡಿದ ಮನುಷ್ಯನಿಗೆ ಒಂದು ಬಡ್ತಿ ಕೊಡಲಿಲ್ವಾ ಅಕ್ಕ?"

"ಮೂರು ಸಲ ಕೊಟ್ಟರು. ಇವರೇ ಬೇಡ ಅಂದ್ರು" ಎಂದಳು ಆಕೆ. "ಮೇಲಿನ ಕುರ್ಚಿಗೆ ಹೋದ್ರೆ ಬದಲಾಯಿಸೋ ಅಧಿಕಾರ ಕೈಗೆ ಬರುತ್ತೆ, ನನಗೆ ನೋಡೋ ಕೆಲಸವೇ ಸಾಕು ಅಂದ್ರು. ಹಟ ಅಂದ್ರೆ ಹಟ. ನಾನೂ ಆಗ ಬೈದಿದ್ದೆ."

ತಮ್ಮ ತಲೆ ತಗ್ಗಿಸಿದ. ಆಮೇಲೆ ಎದ್ದು ಮೆಕ್ಯಾನಿಕ್‌ನ ಹತ್ತಿರ ಹೋಗಿ, ಸ್ಟ್ರೆಚರಿನ ಮುಂದಿನ ಹಿಡಿಯನ್ನು ತಾನು ಹಿಡಿಯಬಹುದೇ ಎಂದು ಕೇಳಿದ.

"ಬಲಗಡೆ ನೀವು, ಎಡಗಡೆ ನಾನು" ಎಂದ ಮೆಕ್ಯಾನಿಕ್. "ಹೊಸ ಹುಡುಗರು ಕೆಲಸಕ್ಕೆ ಸೇರಿದ ಮೊದಲನೇ ದಿನ ಅವರಿಗೆ ನಾನು ಅಣ್ಣನ ಕತೆ ಹೇಳ್ತೀನಿ. ಸ್ಪ್ಯಾನರ್ ಕೊಡೋದು ಅದಾದ ಮೇಲೇ."

ಒಳಗಿಂದ ಕರೆ ಬಂತು. ಇಬ್ಬರೂ ಬಾಗಿ ಎತ್ತಿದರು. ಆಕೆ ಕೊನೆಯ ಸಲ ಗಂಡನ ಅಂಗಿಯ ಕಾಲರಿನ ಮಡಿಕೆ ನೇರ ಮಾಡಿದಳು. ಕಬ್ಬಿಣದ ಬಾಗಿಲು ಮೇಲೆದ್ದಿತು, ಗಂಡ ಒಳಗೆ ಹೋದರು, ಬಾಗಿಲು ಇಳಿಯಿತು. ಮಗಳು ಬಿಕ್ಕಿದಳು. ಆಕೆ ಅವಳ ತಲೆಯನ್ನು ಎದೆಗೊತ್ತಿಕೊಂಡು ನಿಂತಳು. ಎದೆ ಒಡೆಯುವಂತಿದ್ದರೂ, ಬೆನ್ನು ಮಾತ್ರ ಯಾರೋ ಹಿಂದಿನಿಂದ ಆನಿಸಿಕೊಂಡಂತೆ ನೆಟ್ಟಗಿತ್ತು.

*

ಹೊರಗೆ ಬಂದಾಗ ಹನ್ನೆರಡರ ಬಿಸಿಲು. ಮೆಟ್ಟಿಲ ಮೇಲೆ ಆಕೆಯ ಹೆಜ್ಜೆ ತಡೆಯಿತು.

ಅಂಗಳದ ತುಂಬ ವ್ಯಾನುಗಳಿದ್ದವು. ನೀಲಿ, ಹಸಿರು, ಹಳದಿ, ಬೂದು. ಊರಿನಲ್ಲಿರುವ ಅಷ್ಟೂ ಲಿಫ್ಟ್ ಕಂಪನಿಗಳದ್ದು. ದಿನ ಬೆಳಗಾದರೆ ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಸೆಳೆಯುವವರು. ಒಂದು ಸಾಲಿನಲ್ಲಿ ನಿಂತವರ ಪೈಕಿ ಅರ್ಧಕ್ಕರ್ಧ ಮಂದಿ ಆಕೆಯ ಗಂಡನನ್ನು ಕಣ್ಣಿನಿಂದಲೂ ಕಂಡವರಲ್ಲ. ಕೈಗೆ ಗ್ರೀಸು ಮೆತ್ತಿತ್ತು, ಸೊಂಟದಲ್ಲಿ ಸಾಮಾನಿನ ಪಟ್ಟಿ. ಕೆಲಸದ ನಡುವೆ ಹಾಗೇ ಎದ್ದು ಬಂದಿದ್ದರು. ಹೆಂಗಸರೂ ಇದ್ದರು, ಮೂರು ನಾಲ್ಕು ಮಂದಿ. ಆಕೆ ಸಾಲಿನುದ್ದಕ್ಕೂ ನಡೆದಳು. ಒಬ್ಬೊಬ್ಬರೂ ಟೋಪಿ ತೆಗೆದರು.

ಅರ್ಧ ದಾರಿಯಲ್ಲಿ ಯಾರದೋ ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಅವನು ಎತ್ತಲಿಲ್ಲ. ಇನ್ನೊಂದು ಬಡಿಯಿತು. ಮತ್ತೊಂದು. ಕಿಸೆಯಿಂದ ಕಿಸೆಗೆ ಸದ್ದು ಹಬ್ಬಿತು, ಒಬ್ಬರೂ ಕೈ ಹಾಕಲಿಲ್ಲ.

ಆಕೆ ನಿಂತು, ಒಂದು ಗಳಿಗೆ ಕೇಳಿಸಿಕೊಂಡಳು.

"ಇಲ್ಲಿ ನಿಂತು ಏನು ಮಾಡ್ತೀರಪ್ಪ" ಎಂದಳು. "ಎಲ್ಲೋ ಯಾರೋ ಸಿಕ್ಕಿಹಾಕ್ಕೊಂಡಿದಾರೆ. ಹೋಗಿ."

ಮೊದಲು ಮೆಕ್ಯಾನಿಕ್ ಟೋಪಿ ತಲೆಗಿಟ್ಟು ಓಡಿದ. ಅವನ ಹಿಂದೆ ಇಡೀ ಸಾಲು ಒಡೆದು ಓಡಿತು. ಬಾಗಿಲುಗಳು ಪಟಪಟ ಮುಚ್ಚಿದವು, ಎಂಜಿನ್ನುಗಳು ಒಟ್ಟಿಗೇ ಎದ್ದವು. ಗೇಟಿನ ಹತ್ತಿರ ನೀಲಿಯ ವ್ಯಾನು ಹಸಿರಿಗೆ ದಾರಿ ಬಿಟ್ಟಿತು, ಹಸಿರು ಹಳದಿಗೆ ಬಿಟ್ಟಿತು. ದೂಳು ಇಳಿಯುವ ಹೊತ್ತಿಗೆ ಅವು ನಾಲ್ಕೂ ರಸ್ತೆಗಳಲ್ಲಿ, ಎತ್ತರದ ಕಟ್ಟಡಗಳ ಕಡೆಗೆ, ಮೇಲೆ ದೀಪ ಮಿನುಗಿಸುತ್ತ ಸಾಗುತ್ತಿದ್ದವು.